ಡಿಸ್ಕ್ ಬಾಗಿದೆಯೇ, ಹಬ್ ತಪ್ಪಿದೆಯೇ?
ಕಾರಿನ ಬ್ರೇಕ್ ಡಿಸ್ಕಿನ ಅಸಮ ಸವೆತ: ಕಾರಣ ಪತ್ತೆ ಮತ್ತು ವಾರಂಟಿಯ ಲೆಕ್ಕ

ಬಿಡಿಭಾಗಗಳ ವ್ಯಾಪಾರದಲ್ಲಿ ಮಾಲು ಹಿಂದಿರುಗಿ ಬರುವುದು ಹೊಸ ವಿಷಯವೇನಲ್ಲ. ಆದರೆ ಬ್ರೇಕ್ ಡಿಸ್ಕ್ ಹಿಂದಿರುಗಿ ಬಂದಾಗ ಏಳುವ ತಕರಾರು ಸುಲಭವಾಗಿ ಬಗೆಹರಿಯುವಂಥದ್ದಲ್ಲ. ಡಿಸ್ಕ್ ಹಾಕಿದ ದಿನ ಬ್ರೇಕು ಚೆನ್ನಾಗಿಯೇ ಇರುತ್ತದೆ. ಮೂರು ನಾಲ್ಕು ತಿಂಗಳು ಕಳೆದು, ಕಾರು ಐದಾರು ಸಾವಿರ ಕಿಲೋಮೀಟರ್ ಓಡಿದ ಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ನಡುಗತೊಡಗುತ್ತದೆ, ಸ್ಟೀರಿಂಗ್ ಅದುರುತ್ತದೆ. 'ಡಿಸ್ಕ್ ಬೆಂಡ್ ಆಗಿದೆ, ಮಾಲು ಸರಿಯಿಲ್ಲ' ಎಂದು ಗ್ಯಾರೇಜಿನವರು ಹೇಳುತ್ತಾರೆ. ಅಂಗಡಿಯವರು ತಯಾರಕರತ್ತ ಬೆರಳು ತೋರಿಸುತ್ತಾರೆ. ತಯಾರಕರು ತಮ್ಮ ತಪಾಸಣಾ ಪತ್ರವನ್ನು ಮುಂದಿಡುತ್ತಾರೆ. ಕೊನೆಗೆ ಯಾರೋ ಒಬ್ಬರು ನಷ್ಟವನ್ನು ಹೊರುತ್ತಾರೆ. ಅವರೇ ತಪ್ಪಿತಸ್ಥರೆಂಬ ಖಾತರಿ ಮಾತ್ರ ಇರುವುದಿಲ್ಲ. ಹೊಸ ಡಿಸ್ಕ್ ಹಾಕಲಾಗುತ್ತದೆ. ಇನ್ನೈದು ಸಾವಿರ ಕಿಲೋಮೀಟರಿಗೆ ಅದೇ ಕಥೆ ಪುನರಾವರ್ತನೆಗೊಳ್ಳುತ್ತದೆ.

ಈ ತಕರಾರನ್ನು ಬಗೆಹರಿಸಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ಒಂದು ಮೈಕ್ರೋಮೀಟರ್, ಅಯಸ್ಕಾಂತದ ಸ್ಟ್ಯಾಂಡ್ ಉಳ್ಳ ಒಂದು ಡಯಲ್ ಗೇಜ್, ಒಂದು ಟಾರ್ಕ್ ರೆಂಚ್ ಸಾಕು. ಕೊರತೆಯಿರುವುದು ಅಳತೆ ತೆಗೆದು ಬರೆದಿಡುವ ಅಭ್ಯಾಸಕ್ಕೆ.

'ಬಾಗಿದ ಡಿಸ್ಕ್' ಎಂಬ ಮಾತು

ಕಾರಿನ ಡಿಸ್ಕ್ ಸಾಮಾನ್ಯವಾಗಿ ಬೂದು ಬೀಡುಕಬ್ಬಿಣದ ಎರಕ. ಯೂರೋಪಿನ ಮಾನಕದಲ್ಲಿ ಜಿಜೆಎಲ್-250 ಎಂಬ ದರ್ಜೆ ಈ ಕೆಲಸಕ್ಕೆ ಹೆಸರಾದದ್ದು. ನಮ್ಮಲ್ಲಿ ಬೂದು ಕಬ್ಬಿಣದ ಎರಕಗಳಿಗೆ ಐಎಸ್ 210 ಮಾನಕವಿದೆ. ಶಾಖವನ್ನು ಬೇಗ ಹೀರಿ ಹರಡುವ ಗುಣಕ್ಕಾಗಿಯೇ ಈ ಲೋಹವನ್ನು ಆರಿಸಿಕೊಳ್ಳಲಾಗಿದೆ. ಇಂತಹ ಲೋಹ ಸಾಮಾನ್ಯ ಬಳಕೆಯಲ್ಲಿ ಹಪ್ಪಳದಂತೆ ಸೊಟ್ಟಗಾಗುವುದು ಜನ ತಿಳಿದಷ್ಟು ಸುಲಭವಲ್ಲ. ಅಮೆರಿಕದ ಹೆಸರಾಂತ ರೇಸಿಂಗ್ ಎಂಜಿನಿಯರ್, 2003ರಲ್ಲಿ ನಿಧನರಾದ ಕ್ಯಾರೊಲ್ ಸ್ಮಿತ್ 'ಬಾಗಿದ ಡಿಸ್ಕ್' ಎಂಬುದೊಂದು ಮಿಥ್ಯೆ ಎಂದೇ ಪ್ರತ್ಯೇಕ ಲೇಖನ ಬರೆದರು. ಬಾಗಿದೆ ಎಂದು ತೆಗೆದುಹಾಕಲ್ಪಡುವ ಡಿಸ್ಕುಗಳಲ್ಲಿ ನಿಜವಾಗಿ ಕಾಣುವುದು ಪ್ಯಾಡಿನ ವಸ್ತು ಮೇಲ್ಮೈಗೆ ಅಸಮವಾಗಿ ಅಂಟಿಕೊಂಡಿರುವುದು ಎಂಬುದು ಅವರ ವಾದ. ರೇಸಿಂಗ್ ಕಾರುಗಳ ಅನುಭವವನ್ನು ಹಾಗೆಯೇ ಟ್ಯಾಕ್ಸಿಗೆ ಅನ್ವಯಿಸಲಾಗದು. ಆದರೂ ಅವರ ಮಾತಿನ ತಿರುಳು ಸರಿಯಾದದ್ದು: ಪೆಡಲ್ ನಡುಗುವುದು ಬಹುಪಾಲು ಡಿಸ್ಕಿನ ದಪ್ಪ ಒಂದೇ ಸಮನಾಗಿಲ್ಲದಿರುವುದರಿಂದ, ಡಿಸ್ಕ್ ಬಾಗಿರುವುದರಿಂದ ಅಲ್ಲ.

ಇವೆರಡರ ಭೇದವನ್ನು ಅರಿಯದೆ ಮುಂದೆ ಹೋಗುವಂತಿಲ್ಲ. ಚಕ್ರ ತಿರುಗುವಾಗ ಡಿಸ್ಕ್ ಎಡಕ್ಕೂ ಬಲಕ್ಕೂ ತೂಗಾಡುವುದನ್ನು ಲೇತ್ ಕೆಲಸದವರು 'ರನ್ ಔಟ್' ಎನ್ನುತ್ತಾರೆ. ಕನ್ನಡದಲ್ಲಿ ಓಲಾಟ ಎನ್ನಬಹುದು. ಹೆಚ್ಚಿನ ಕಾರುಗಳಲ್ಲಿ ಕ್ಯಾಲಿಪರ್ ಪಿನ್ನುಗಳ ಮೇಲೆ ಅತ್ತಿತ್ತ ಜಾರುವಂತಿರುವುದರಿಂದ, ಅಲ್ಪ ಓಲಾಟವಿದ್ದರೂ ಅದು ಡಿಸ್ಕಿನ ಜೊತೆಗೇ ಸರಿದು ಹೊಂದಿಕೊಳ್ಳುತ್ತದೆ. ಚಾಲಕನಿಗೆ ಏನೂ ತಿಳಿಯುವುದಿಲ್ಲ. ಆದರೆ ಒಂದು ಕಡೆ ದಪ್ಪ, ಮತ್ತೊಂದು ಕಡೆ ತೆಳು ಎಂದಾದರೆ, ದಪ್ಪ ಭಾಗ ಬಂದಾಗಲೆಲ್ಲ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಡುತ್ತದೆ. ಆ ಒತ್ತಡ ಬ್ರೇಕ್ ಆಯಿಲ್ ಮೂಲಕ ಪೆಡಲನ್ನು ತಲುಪುತ್ತದೆ. ಇದಕ್ಕೆ ದೊಡ್ಡ ವ್ಯತ್ಯಾಸ ಬೇಕಿಲ್ಲ. ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಅಥವಾ ಎರಡು ಭಾಗ ಸಾಕು. ತಲೆಗೂದಲಿನ ದಪ್ಪ ಇದರ ಮೂರು ನಾಲ್ಕು ಪಟ್ಟು ಇರುತ್ತದೆ. ಇದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಸವರಿ ತೀರ್ಮಾನಿಸುವೆನೆಂದು ಹೊರಡುವ ಮೆಕ್ಯಾನಿಕ್ ಎಷ್ಟೇ ಅನುಭವಿಯಾದರೂ ಸರಿ, ಆತ ಹೇಳುವುದು ಊಹೆಯೇ.

ತಿಂಗಳುಗಳ ನಂತರ ಕಾಣುವ ದೋಷ

ಹಾಗಾದರೆ ಡಿಸ್ಕ್ ಹಾಕುವಾಗ ಸಮನಾಗಿದ್ದ ದಪ್ಪ ಆಮೇಲೆ ಏಕೆ ಕೆಡುತ್ತದೆ? ತಕರಾರಿನ ಬೇರು ಇರುವುದು ಇಲ್ಲಿಯೇ.

ಓಲಾಟವಿರುವ ಡಿಸ್ಕಿನ ಉಬ್ಬಿದ ಭಾಗ, ಬ್ರೇಕ್ ಒತ್ತದಿರುವಾಗಲೂ ಪ್ರತಿ ಸುತ್ತಿನಲ್ಲಿ ಒಮ್ಮೆ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್ ಎಂದು ಹಿಡಿದರೆ, ಒಂದು ಕಿಲೋಮೀಟರಿಗೆ ಚಕ್ರ ಐನೂರಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಐದು ಸಾವಿರ ಕಿಲೋಮೀಟರಿಗೆ ಇಪ್ಪತ್ತೈದು ಲಕ್ಷ ಮೀರುತ್ತದೆ. ಅಷ್ಟು ಬಾರಿ ಒಂದೇ ಜಾಗ ಉಜ್ಜಿಸಿಕೊಂಡರೆ ಅಲ್ಲಿ ಲೋಹ ತೆಳುವಾಗದೆ ಇರದು. ಒಂದು ಮುಖದಲ್ಲಿ ಈ ಜಾಗ ಎಲ್ಲಿದೆಯೋ, ಮತ್ತೊಂದು ಮುಖದಲ್ಲಿ ಅದಕ್ಕೆ ನೇರ ಎದುರಿನ ಜಾಗವೂ ಹೀಗೆಯೇ ಸವೆಯುತ್ತದೆ. ಓಲಾಟ ನಿಧಾನವಾಗಿ ದಪ್ಪದ ವ್ಯತ್ಯಾಸವಾಗಿ ಮಾರ್ಪಡುತ್ತದೆ. ಆಗಷ್ಟೇ ಪೆಡಲ್ ನಡುಗುತ್ತದೆ. ಡಿಸ್ಕ್ ಹಾಕಿದ ದಿನ ಮಾಡಿದ ತಪ್ಪು ತಿಂಗಳುಗಳ ನಂತರ ಹೊರಬೀಳುವುದರಿಂದ, ತಪ್ಪು ಮಾಡಿದವನ ನೆನಪಿನಲ್ಲಿಯೂ ಅದು ಉಳಿದಿರುವುದಿಲ್ಲ.

ಓಲಾಟಕ್ಕೆ ಮೂಲವಾದರೂ ಯಾವುದು? ಬಹಳಷ್ಟು ಸಂದರ್ಭಗಳಲ್ಲಿ ಡಿಸ್ಕಿಗಿಂತ ಅದು ಕೂರುವ ಹಬ್ ಕಡೆಗೇ ಸಂಶಯ ತಿರುಗಬೇಕು. ಹಳೆಯ ಡಿಸ್ಕ್ ತೆಗೆದಾಗ ಹಬ್‌ನ ಮುಖದ ಮೇಲೆ ತುಕ್ಕಿನ ಹೊಪ್ಪಳೆ ಉಳಿದಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹಬ್‌ನ ಮುಖದ ವ್ಯಾಸ 140 ಮಿ.ಮೀ., ಅದರ ಒಂದು ಅಂಚಿನಲ್ಲಿ 0.03 ಮಿ.ಮೀ. ತುಕ್ಕು ಇದೆ ಎಂದಿಟ್ಟುಕೊಳ್ಳೋಣ. ಆ ವಾಲಿಕೆ ಡಿಸ್ಕಿನ ಹೊರ ಅಂಚಿನ ಬಳಿ, ಅಂದರೆ 230 ಮಿ.ಮೀ. ವ್ಯಾಸದಲ್ಲಿ, ಸುಮಾರು 0.05 ಮಿ.ಮೀ. ಓಲಾಟವಾಗುತ್ತದೆ. ಹಲವು ಕಾರು ಕಂಪೆನಿಗಳು 0.05ರಿಂದ 0.10 ಮಿ.ಮೀ. ನಡುವೆ ಮಿತಿಯನ್ನು ನಿಗದಿಪಡಿಸಿವೆ. ಎಂದರೆ ಎಷ್ಟೇ ಉತ್ತಮ ಡಿಸ್ಕ್ ಆಗಲಿ, ತುಕ್ಕಿನಿಂದಲೇ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ.

ಎರಡನೆಯ ಕಾರಣ ಚಕ್ರದ ನಟ್ಟುಗಳು. ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಒಂದೊಂದೇ ನಟ್ಟನ್ನು ವರಸೆಯಾಗಿ, ಸಿಕ್ಕಷ್ಟು ಬಲವಾಗಿ ಬಿಗಿಯುವುದು ಎಲ್ಲೆಡೆ ಕಾಣುವ ದೃಶ್ಯ. ಹಲವು ಸಾಮಾನ್ಯ ಕಾರುಗಳಿಗೆ ನಟ್ಟಿನ ಬಿಗಿ 85ರಿಂದ 110 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ನಿಗದಿಯಾಗಿದೆ. ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯದೆ ಒಂದು ಕಡೆಯೇ ಜಗ್ಗಿದರೆ ಡಿಸ್ಕಿನ ನಡುಭಾಗ ಹಬ್ ಮೇಲೆ ಸಮನಾಗಿ ಕೂರುವುದಿಲ್ಲ. ಟೈರ್ ಬದಲಿಸಿದ ಕೆಲವು ತಿಂಗಳ ನಂತರ ಬ್ರೇಕ್ ಅದುರುವ ದೂರು ಬಂದರೆ ಈ ಸಾಧ್ಯತೆಯನ್ನು ಮರೆಯಬಾರದು.

ತೀರ್ಪು ನೀಡುವ ಪರೀಕ್ಷೆ

ತಪಾಸಣೆಯ ಕ್ರಮ ಹೀಗಿದೆ. ಮೊದಲು ಚಕ್ರದ ಬೇರಿಂಗಿನಲ್ಲಿ ಸಡಿಲವಿದೆಯೇ ಎಂದು ನೋಡಬೇಕು. ಬೇರಿಂಗ್ ಸಡಿಲವಿದ್ದರೆ ಮುಂದಿನ ಅಳತೆಗಳಿಗೆ ಅರ್ಥವಿಲ್ಲ. ಚಕ್ರ ಬಿಚ್ಚಿ, ವಾಷರ್ ಹಾಕಿ ನಟ್ಟುಗಳಿಂದ ಡಿಸ್ಕನ್ನು ಹಬ್‌ಗೆ ಸಮನಾಗಿ ಬಿಗಿಯಬೇಕು. ಮೈಕ್ರೋಮೀಟರಿನಿಂದ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ, ಸುತ್ತಲೂ ಸಮ ಅಂತರದ ಎಂಟು ಕಡೆ ದಪ್ಪವನ್ನು ಅಳೆದು ಬರೆದುಕೊಳ್ಳಬೇಕು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ಅಂತರವೇ ದಪ್ಪದ ವ್ಯತ್ಯಾಸ. ಅನಂತರ ಡಯಲ್ ಗೇಜನ್ನು ನಿಲ್ಲಿಸಿ ಡಿಸ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಓಲಾಟವನ್ನು ನೋಡಬೇಕು. ಅತಿ ಉಬ್ಬಿದ ಜಾಗಕ್ಕೆ ಡಿಸ್ಕಿನ ಮೇಲೂ ಹಬ್ ಮೇಲೂ ಸೀಮೆಸುಣ್ಣದ ಗುರುತು ಹಾಕಬೇಕು.

ನಿರ್ಣಾಯಕ ಹಂತ ಇನ್ನು ಮುಂದಿದೆ. ಡಿಸ್ಕನ್ನು ಕಳಚಿ, ಹಬ್‌ನ ಮುಖ ಮತ್ತು ಡಿಸ್ಕಿನ ಒಳಮುಖ ಎರಡನ್ನೂ ತುಕ್ಕು ಹೋಗುವಂತೆ ಶುಚಿಗೊಳಿಸಿ, ಒಂದು ಬೋಲ್ಟಿನ ರಂಧ್ರದಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಬೇಕು. ಉಬ್ಬು ಡಿಸ್ಕಿನ ಗುರುತಿನ ಜೊತೆಗೆ ಸರಿದಿದ್ದರೆ ದೋಷ ಡಿಸ್ಕಿನದು. ಅದು ಹಬ್‌ನ ಗುರುತಿನಲ್ಲಿಯೇ ನಿಂತಿದ್ದರೆ ದೋಷ ಹಬ್ ಅಥವಾ ಬೇರಿಂಗಿನದು. ಶುಚಿಗೊಳಿಸಿದ್ದರಿಂದಲೇ ಓಲಾಟ ಮಿತಿಯೊಳಗೆ ಇಳಿದರೆ, ತುಕ್ಕನ್ನು ತೆಗೆಯದೆ ಜೋಡಿಸಿದ್ದೇ ಕಾರಣ. ಡಿಸ್ಕ್ ಮಾರಿದವರನ್ನಾಗಲಿ ತಯಾರಿಸಿದವರನ್ನಾಗಲಿ ದೂರುವಂತಿಲ್ಲ. ಕೆಲವು ಕಾರುಗಳಲ್ಲಿ ಡಿಸ್ಕನ್ನು ಹಿಡಿದಿಡುವ ಸ್ಕ್ರೂ ಒಂದೇ ಸ್ಥಾನಕ್ಕೆ ಹೊಂದುತ್ತದೆ. ಅಲ್ಲಿ ಡಯಲ್ ಗೇಜನ್ನು ನೇರವಾಗಿ ಹಬ್‌ನ ಮುಖಕ್ಕೇ ಹಚ್ಚಿ ನೋಡಬಹುದು. ಇಡೀ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಅಂಗಡಿ, ಗ್ಯಾರೇಜು, ಕಾರ್ಖಾನೆಗಳ ನಡುವೆ ತಿಂಗಳುಗಟ್ಟಲೆ ನಡೆಯುವ ಪತ್ರವ್ಯವಹಾರದೊಂದಿಗೆ ಈ ಅರ್ಧ ಗಂಟೆಯನ್ನು ಹೋಲಿಸಿ ನೋಡಬೇಕು.

ಸವೆತದ ರೂಪ ಹೇಳುವ ಸುಳಿವು

ಸುತ್ತಲೂ ಒಂದೇ ರೀತಿ ಸವೆದು, ಒಳ ಮತ್ತು ಹೊರ ಮುಖಗಳ ನಡುವೆ ಭೇದವಿದ್ದರೆ ಕ್ಯಾಲಿಪರಿನತ್ತ ನೋಡಬೇಕು. ಜಾರುವ ಮಾದರಿಯ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ. ಅದರ ಪ್ರತಿಕ್ರಿಯೆಯಿಂದ ಕ್ಯಾಲಿಪರಿನ ಮೈ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ನುಗಳು ಹಿಡಿದುಕೊಂಡರೆ ಈ ಸರಿದಾಟ ನಿಲ್ಲುತ್ತದೆ, ಒಳಗಿನ ಪ್ಯಾಡ್ ಒಂಟಿಯಾಗಿ ದುಡಿಯುತ್ತದೆ. ಪಿಸ್ಟನ್ನಿನ ಸೀಲ್ ಗಡುಸಾಗಿ ಅಥವಾ ತುಕ್ಕು ಹಿಡಿದು ಪಿಸ್ಟನ್ ಹಿಂದಕ್ಕೆ ಸರಿಯದಿದ್ದರೂ ಒಳಮುಖವೇ ಹೆಚ್ಚು ಸವೆಯುತ್ತದೆ. ಬ್ರೇಕ್ ಬಿಟ್ಟ ಮೇಲೆ ಕ್ಯಾಲಿಪರ್ ಹಿಂದಕ್ಕೆ ಜಾರದೆ ನಿಂತರೆ ಹೊರಗಿನ ಪ್ಯಾಡ್ ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ. ಎರಡು ಪಿನ್ನುಗಳಲ್ಲಿ ಒಂದು ಮಾತ್ರ ಹಿಡಿದಿದ್ದರೆ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗಿ ಓರೆಯಾಗಿ ಸವೆಯುತ್ತದೆ.

ಪಿನ್ನುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೈಗೆ ಸಿಕ್ಕ ಡಬ್ಬಿಯ ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಹಚ್ಚುವ ರೂಢಿ ಅನೇಕ ಕಡೆ ಇದೆ. ಅದು ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ. ಜಾರಲೆಂದು ಹಚ್ಚಿದ ಗ್ರೀಸೇ ಪಿನ್ನನ್ನು ಹಿಡಿದಿಡುತ್ತದೆ. ಇದಕ್ಕೆಂದೇ ತಯಾರಾದ ಸಿಲಿಕೋನ್ ಗ್ರೀಸ್ ಬಳಸಬೇಕು. ಹರಿದ ರಬ್ಬರ್ ಬೂಟನ್ನು ಹಾಗೆಯೇ ಬಿಡಬಾರದು. ಪಿನ್ ಮತ್ತು ಬೂಟುಗಳ ಕಿಟ್ಟಿನ ಬೆಲೆ ಒಂದು ಜೊತೆ ಡಿಸ್ಕಿನ ಬೆಲೆಯಲ್ಲಿ ಅಲ್ಪ ಪಾಲು. ಆದರೆ ಡಿಸ್ಕ್ ಬದಲಿಸುವಾಗ ಕಿಟ್ಟನ್ನೂ ಕೇಳಿ ಒಯ್ಯುವ ಗಿರಾಕಿಗಳು ಎಷ್ಟು ಮಂದಿ ಎಂಬುದು ಅಂಗಡಿಯವರಿಗೆ ತಿಳಿದೇ ಇದೆ.

ಎಡ ಮತ್ತು ಬಲ ಚಕ್ರಗಳ ನಡುವೆ ಸವೆತದ ಭೇದವಿದ್ದರೆ ಒಂದು ಕಡೆಯ ಕ್ಯಾಲಿಪರ್ ಹಿಡಿದಿರಬೇಕು, ಇಲ್ಲವೇ ಬ್ರೇಕ್ ಹೋಸಿನ ಒಳಗೋಡೆ ಕುಸಿದಿರಬೇಕು. ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಕುಸಿದಾಗ ಒತ್ತಡ ಒಳಹೋಗುತ್ತದೆ, ಬೇಗ ಹಿಂದಿರುಗುವುದಿಲ್ಲ. ಕಾರು ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಅತಿಯಾಗಿ ಕಾದಿರುವುದು ಇದರ ಲಕ್ಷಣ.

ನೀಲಿ ಕಲೆಗಳು ಅತಿ ಶಾಖದ ಗುರುತು. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ನೆಚ್ಚಿ ಇಳಿಯುವ ವಾಹನಗಳಲ್ಲಿ ಇದು ಕಂಡರೆ ಆಶ್ಚರ್ಯವಿಲ್ಲ. ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿಹಿಡಿದು ಕಾರನ್ನು ನಿಲ್ಲಿಸಿದರೆ ಪ್ಯಾಡಿನ ವಸ್ತು ಅಚ್ಚಿನಂತೆ ಅಂಟಿಕೊಳ್ಳುತ್ತದೆ. ಆ ಜಾಗ ಮುಂದೆ ಹೆಚ್ಚು ಕಾಯುತ್ತದೆ. ಉಷ್ಣತೆ 650 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕಬ್ಬಿಣದಲ್ಲಿ ಸಿಮೆಂಟೈಟ್ ಎಂಬ ಗಡಸು ಅಂಶ ಉಂಟಾಗುತ್ತದೆ. ಅದು ಮೇಲ್ಮೈಯಿಂದ ಒಳಕ್ಕೆ ಇಳಿದಿರುವುದರಿಂದ ತೆಳುವಾಗಿ ಲೇತ್ ಹೊಡೆಸಿದರೂ ಹೋಗುವುದಿಲ್ಲ. ಇಂತಹ ಡಿಸ್ಕನ್ನು ಬದಲಿಸುವುದೇ ಮೇಲು.

ಕರಾವಳಿಯಲ್ಲಿ ಮಳೆಗಾಲದಲ್ಲಿ ಕೆಲವು ದಿನ ನಿಂತ ಕಾರಿನ ಡಿಸ್ಕಿನ ಮೇಲೆ ಪ್ಯಾಡಿನ ಆಕಾರ ತುಕ್ಕಿನ ಗೆರೆಯಾಗಿ ಮೂಡುತ್ತದೆ. ಸಾಮಾನ್ಯವಾಗಿ ನಾಲ್ಕಾರು ಬಾರಿ ಬ್ರೇಕ್ ಹಾಕಿದರೆ ಅಳಿಸಿಹೋಗುತ್ತದೆ. ದೀರ್ಘಕಾಲ ನಿಂತದ್ದಾದರೆ ಗುಂಡಿ ಬೀಳುತ್ತದೆ. ಬಳ್ಳಾರಿ, ಸಂಡೂರು ಕಡೆಯ ಅದಿರಿನ ಧೂಳಿನ ರಸ್ತೆಗಳಲ್ಲಿ ಓಡುವ ವಾಹನಗಳ ಡಿಸ್ಕಿನ ಮೇಲೆ ವೃತ್ತಾಕಾರದ ಗೀರುಗಳು ಸಹಜ. ಗೀರು ಇದೆ ಎಂಬ ಒಂದೇ ಕಾರಣಕ್ಕೆ ಡಿಸ್ಕ್ ತಿರಸ್ಕರಿಸಬೇಕಿಲ್ಲ.

ಲೇತ್ ಹೊಡೆಸುವ ಮುನ್ನ

ಪ್ರತಿ ಡಿಸ್ಕಿಗೂ ಕನಿಷ್ಠ ದಪ್ಪ ನಿಗದಿಯಾಗಿರುತ್ತದೆ. ಬಹುತೇಕ ಡಿಸ್ಕಿನ ಮೇಲೆಯೇ ಅದನ್ನು ಅಚ್ಚೊತ್ತಿರುತ್ತಾರೆ. ಹೊಸದಾಗಿದ್ದಾಗ 22 ಮಿ.ಮೀ., ಕನಿಷ್ಠ 20 ಮಿ.ಮೀ. ಇರುವ ಡಿಸ್ಕ್ ಸವೆದು 20.6ಕ್ಕೆ ಬಂದಿದೆ ಎನ್ನೋಣ. ಎರಡೂ ಮುಖಗಳಲ್ಲಿ 0.3 ಮಿ.ಮೀ.ನಂತೆ ಹೊಡೆದರೆ ಅದು ಸರಿಯಾಗಿ 20ಕ್ಕೆ ಬಂದು ನಿಲ್ಲುತ್ತದೆ. ನೋಡಲು ಹೊಳೆಯುತ್ತದೆ, ಸವೆಯಲು ಮಾತ್ರ ಏನೂ ಉಳಿದಿಲ್ಲ. ಗಿರಾಕಿಯ ಹಣ ಉಳಿಸುವ ಸದುದ್ದೇಶದಿಂದಲೇ ಇದನ್ನು ಮಾಡಿದರೂ, ಬ್ರೇಕಿನ ವಿಷಯದಲ್ಲಿ ಇಂತಹ ಉಳಿತಾಯ ಸಲ್ಲದು. ಇನ್ನು ಓಲಾಟ ಹಬ್‌ನದಾಗಿದ್ದರೆ, ಕಳಚಿ ಲೇತಿಗೆ ಕೊಟ್ಟ ಡಿಸ್ಕ್ ಅಲ್ಲಿ ಸಪಾಟಾಗಿ, ಕಾರಿಗೆ ಬಂದೊಡನೆ ಮತ್ತೆ ಓಲಾಡುತ್ತದೆ.

ತಯಾರಕರ ಕಡೆಯಿಂದ

ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗಗಳ ಫೌಂಡ್ರಿಗಳಿಗೂ ಪೀಣ್ಯದ ಮಷಿನ್ ಶಾಪುಗಳಿಗೂ ವಾಹನದ ಬಿಡಿಭಾಗಗಳ ಕೆಲಸ ಹೊಸದಲ್ಲ. ಎಲ್ಲ ದೋಷವೂ ಗ್ಯಾರೇಜಿನದೇ ಎಂದು ಅವರು ಕೈತೊಳೆದುಕೊಳ್ಳುವಂತಿಲ್ಲ. ಗಾಳಿಯಾಡುವ ಡಿಸ್ಕಿನಲ್ಲಿ ಎರಡು ಪದರಗಳ ನಡುವೆ ರೆಕ್ಕೆಗಳಿರುತ್ತವೆ. ಎರಕ ಹೊಯ್ಯುವಾಗ ಒಳಗಿನ ಕೋರ್ ಸರಿದರೆ ಒಂದು ಪದರ ದಪ್ಪ, ಇನ್ನೊಂದು ತೆಳುವಾಗುತ್ತದೆ. ಹೊರಗಿನ ಒಟ್ಟು ದಪ್ಪ ಅಳತೆಗೆ ಸರಿಯಾಗಿಯೇ ಇರುವುದರಿಂದ ಮೈಕ್ರೋಮೀಟರಿಗೆ ಈ ದೋಷ ಸಿಗದು. ಕಾದಾಗ ಎರಡು ಪದರಗಳೂ ಬೇರೆ ಬೇರೆಯಾಗಿ ಹಿಗ್ಗಿ ಡಿಸ್ಕ್ ಅಗಲಿಸಿದ ಕೊಡೆಯಂತೆ ವಾಲುತ್ತದೆ; ತಣಿದಾಗ ನೇರವಾಗುತ್ತದೆ. ಬಿಸಿಯಾದಾಗ ಮಾತ್ರ ಕಂಪನವೆಂಬ ದೂರಿಗೆ ಇದೂ ಒಂದು ಕಾರಣ. ಉಜ್ಜುವ ಮುಖಗಳನ್ನೂ ಹಬ್‌ಗೆ ಕೂರುವ ಮುಖವನ್ನೂ ಬೇರೆ ಬೇರೆ ಬಾರಿ ಯಂತ್ರಕ್ಕೆ ಕಟ್ಟಿ ಕಡೆದರೆ ಅವುಗಳ ಸಮಾನಾಂತರತೆ ತಪ್ಪುವ ಸಂಭವ ಹೆಚ್ಚು.

ರಫ್ತಿನ ಆಸೆಯುಳ್ಳವರು ಯೂರೋಪಿನ ಆರ್-90 ನಿಯಮವನ್ನು ಗಮನಿಸಬೇಕು. 2016ರ ನವೆಂಬರ್ 1ರ ನಂತರ ಮಾದರಿ ಅನುಮೋದನೆ ಪಡೆದ ಕಾರುಗಳ ಬದಲಿ ಡಿಸ್ಕುಗಳನ್ನೂ ಅದರ ವ್ಯಾಪ್ತಿಗೆ ತರಲಾಗಿದೆ. ಎಲ್ಲಿ ಮಾರುವುದಾದರೂ ಪ್ರತಿ ಡಿಸ್ಕಿನ ಮೇಲೆ ಎರಕದ ಬ್ಯಾಚ್ ಸಂಖ್ಯೆ ಇರಲೇಬೇಕು. ಅದಿಲ್ಲದೆ ಹಿಂದಿರುಗಿದ ಮಾಲಿನ ಲೆಕ್ಕಕ್ಕೆ ಆಧಾರವೇ ಇರುವುದಿಲ್ಲ.

ಲೆಕ್ಕಪುಸ್ತಕದಲ್ಲಿ

ಒಂದು ಟ್ರಾವೆಲ್ಸ್ ಸಂಸ್ಥೆಯ ಕಾರಿನ ಉದಾಹರಣೆಯನ್ನು ಊಹಿಸೋಣ. ಒಂದು ಜೊತೆ ಡಿಸ್ಕಿಗೆ 4,000 ರೂ., ಪ್ಯಾಡಿಗೆ 1,500, ಕೂಲಿ 1,000, ಕಾರು ನಿಂತ ದಿನದ ಬಾಡಿಗೆ ನಷ್ಟ 2,500 ಎಂದರೆ ಒಟ್ಟು 9,000 ರೂ. ಕಾರಣ ಹುಡುಕದೆ ವರ್ಷಕ್ಕೆ ಎರಡು ಬಾರಿ ಬದಲಿಸಿದರೆ 18,000. ನಾಲ್ಕನೆಯ ಬಾಬ್ತು ಯಾವ ಬಿಲ್ಲಿನಲ್ಲಿಯೂ ಬರುವುದಿಲ್ಲ. ಆದ್ದರಿಂದಲೇ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. 'ದುರಸ್ತಿ ಮತ್ತು ನಿರ್ವಹಣೆ' ಎಂಬ ಒಂದೇ ಖಾತೆಗೆ ಎಲ್ಲವನ್ನೂ ಹಾಕುವ ಬದಲು ವಾಹನವಾರು ಹಾಳೆ ಇಟ್ಟರೆ, ಯಾವ ಕಾರಿನ ಯಾವ ಚಕ್ರ ಮತ್ತೆ ಮತ್ತೆ ಡಿಸ್ಕ್ ತಿನ್ನುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ.

ತಯಾರಕರಿಗೆ ಈ ದಾಖಲೆಗಳ ಬೆಲೆ ಇನ್ನೂ ಹೆಚ್ಚು. ವಾರಂಟಿಗಾಗಿ ಮೊದಲೇ ತೆಗೆದಿಡುವ ಮೊತ್ತವನ್ನು ಖರ್ಚೆಂದು ಪರಿಗಣಿಸಬಹುದೇ ಎಂಬ ಪ್ರಶ್ನೆ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜು ಮಾಡಿದ ಮೊತ್ತವಾದರೆ, 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮಿನ ಅಡಿಯಲ್ಲಿ ಅದು ಸಲ್ಲುತ್ತದೆಂದು ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. 2016ರಲ್ಲಿ ಅಧಿಸೂಚಿತವಾದ ಐಸಿಡಿಎಸ್-10 ಮಾನಕ, ಹೊರೆ ಬರುವುದು ಸಾಕಷ್ಟು ಖಚಿತವಾಗಿರಬೇಕೆಂಬ ಷರತ್ತನ್ನು ಹಾಕಿ ಇದನ್ನು ಮತ್ತಷ್ಟು ಬಿಗಿಗೊಳಿಸಿತು. ಎರಡರಲ್ಲಿಯೂ ಕೇಳಲಾಗುವುದು ಹಿಂದಿನ ದಾಖಲೆಯನ್ನೇ. 'ಬೆಂಡ್ ಆಗಿದೆ' ಎಂದಷ್ಟೇ ಬರೆದ ಚೀಟಿಗಳ ಕಟ್ಟು ಅಂದಾಜಿಗೆ ಆಧಾರವಾಗಲಾರದು.

ಜಿಎಸ್‌ಟಿಯ ಮಟ್ಟಿಗೆ 2023ರ ಜುಲೈ 17ರ ಸುತ್ತೋಲೆ ಸಂಖ್ಯೆ 195 ಹಲವು ಗೊಂದಲಗಳನ್ನು ನಿವಾರಿಸಿದೆ. ವಾರಂಟಿಯಲ್ಲಿ ಶುಲ್ಕವಿಲ್ಲದೆ ಕೊಡುವ ಬದಲಿ ಭಾಗಕ್ಕೆ ತಯಾರಕರು ಮತ್ತೆ ತೆರಿಗೆ ಕಟ್ಟಬೇಕಿಲ್ಲ, ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲ. ವಿತರಕರು ತಮ್ಮ ದಾಸ್ತಾನಿನಿಂದ ಕೊಟ್ಟು ತಯಾರಕರ ಹೆಸರಿಗೆ ಬಿಲ್ ಮಾಡಿದರೆ ಅದಕ್ಕೆ ತೆರಿಗೆ ಇದೆ. ತಯಾರಕರು ಅದರ ಜಮೆ ಪಡೆಯಬಹುದು. ಬಿಲ್ಲಿನ ಬದಲು ತಯಾರಕರು ಕ್ರೆಡಿಟ್ ನೋಟ್ ಕೊಡುವ ಪದ್ಧತಿಯಿದ್ದರೆ, ವಿತರಕರು ತಾವು ಪಡೆದ ಜಮೆಯನ್ನು ಅಷ್ಟರ ಮಟ್ಟಿಗೆ ಹಿಂದಿರುಗಿಸಿರಬೇಕು. ಮೂರರಲ್ಲಿ ಯಾವ ದಾರಿ ಹಿಡಿದರೂ ಕಾಗದದ ಜೊತೆ ಇರಬೇಕಾದ ವಿವರಗಳು ಬೇರೆಯಲ್ಲ: ಬ್ಯಾಚ್ ಸಂಖ್ಯೆ, ಡಿಸ್ಕ್ ಹಾಕಿದ ದಿನಾಂಕ, ಹಾಕಿದಾಗ ಮತ್ತು ತೆಗೆದಾಗ ಕಾರು ಓಡಿದ್ದ ಕಿಲೋಮೀಟರ್, ಎಂಟು ಕಡೆಯ ದಪ್ಪ, ಶುಚಿಗೊಳಿಸುವ ಮೊದಲಿನ ಮತ್ತು ನಂತರದ ಓಲಾಟ, ಮತ್ತು ಅಳೆದವರ ಸಹಿ.